ಓಯಿಜುಮಿಯ ಬಾಡಿಗೆ ಮನೆ: ಇಬ್ಬರು ಮಂಗಾ ಕಲಾವಿದೆಯರು ಕೂಡಿ ಬೆಳೆದದ್ದು, ಬೇರೆಯಾದದ್ದು

1973ರಲ್ಲಿ ಟೋಕಿಯೋದ ನೆರಿಮಾ ವಾರ್ಡಿನ ಓಯಿಜುಮಿಯಲ್ಲಿದ್ದ ಹಳೆಯದೊಂದು ಬಾಡಿಗೆ ಮನೆಯನ್ನು ಇಬ್ಬರು ಯುವತಿಯರು ಖಾಲಿ ಮಾಡಿದರು. ಒಬ್ಬರು ಮೋಟೊ ಹಾಗಿಯೊ, ಇನ್ನೊಬ್ಬರು ಕೇಕೊ ತಕೆಮಿಯಾ. ಇಬ್ಬರಿಗೂ ಆಗ ಇಪ್ಪತ್ತಮೂರರ ಆಸುಪಾಸಿನ ವಯಸ್ಸು, ಇಬ್ಬರೂ ಹುಡುಗಿಯರ ಪತ್ರಿಕೆಗಳಿಗೆ ಮಂಗಾ, ಎಂದರೆ ಜಪಾನಿ ಕಾಮಿಕ್ಸ್, ಬರೆದು ಹೊಟ್ಟೆ ಹೊರೆಯುತ್ತಿದ್ದವರು. ಮುಂದೆ ಇಬ್ಬರೂ ಜಪಾನಿನ ಕಾಮಿಕ್ಸ್ ಚರಿತ್ರೆಯಲ್ಲಿ ಬಿಟ್ಟು ಹೋಗಲಾಗದ ಹೆಸರಾದರು. ಅವರಿಬ್ಬರ ನಡುವಿನ ಮಾತು ಮಾತ್ರ ಮತ್ತೆ ಕೂಡಲಿಲ್ಲ. ಆ ಮನೆಯಲ್ಲಿ ನಡೆದದ್ದನ್ನು ತಕೆಮಿಯಾ ಪುಸ್ತಕವಾಗಿ ಬರೆದದ್ದು 2016ರಲ್ಲಿ, 43 ವರ್ಷ ಕಳೆದ ಮೇಲೆ. ಹಾಗಿಯೊ ಬರೆದದ್ದು 2021ರಲ್ಲಿ, 48 ವರ್ಷ ಕಳೆದ ಮೇಲೆ. ಎರಡು ಪುಸ್ತಕಗಳಲ್ಲಿ ಇರುವುದು ಒಂದೇ ಮನೆ, ಅದೇ ಜನ. ಕಥೆ ಒಂದೇ ಅಲ್ಲ.

ಮಹಿಳಾ ವ್ಯಂಗ್ಯಚಿತ್ರಕಾರ್ತಿಯರು, ಕಾಮಿಕ್ಸ್ ಕಲಾವಿದೆಯರು ಕೂಡಿ ಕಟ್ಟಿದ ಸ್ಟುಡಿಯೊಗಳ ಬಗ್ಗೆ ಓದುವಾಗಲೆಲ್ಲ ಒಂದು ಬಗೆಯ ಬೆಚ್ಚನೆಯ ಮಾತೇ ಹೆಚ್ಚು ಸಿಗುತ್ತದೆ: ಒಬ್ಬರಿಗೊಬ್ಬರು ಆಸರೆಯಾದರು, ಧೈರ್ಯ ತುಂಬಿದರು. ಅದು ಸುಳ್ಳಲ್ಲ, ಓಯಿಜುಮಿಯ ಮಟ್ಟಿಗಂತೂ ನೂರಕ್ಕೆ ನೂರು ನಿಜ. ಆದರೆ ಆ ಆಸರೆ ಎಲ್ಲಿಂದ ಬಂತು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳಬೇಕಾದರೆ, ಚೆನ್ನಾಗಿ ನಡೆದು ಮುರಿದುಬಿದ್ದ ಸ್ಟುಡಿಯೊ ಒಂದನ್ನು ಬಿಡಿಸಿ ನೋಡಬೇಕು. ಇಬ್ಬರೂ ತಮ್ಮ ತಮ್ಮ ಮಾತನ್ನು ಬರೆದಿಟ್ಟಿರುವ ಪ್ರಕರಣಗಳು ಬಹಳ ಅಪರೂಪ. ಆದ್ದರಿಂದ ಇದನ್ನು ಆರಿಸಿಕೊಂಡಿದ್ದೇನೆ.

ಮನೆಗೆ ಮುಂಚೆ

1963ರ ಸುಮಾರಿಗೆ ಜಪಾನಿನಲ್ಲಿ ಹುಡುಗಿಯರಿಗಾಗಿ ವಾರಪತ್ರಿಕೆಗಳು ಶುರುವಾದವು. ತಿಂಗಳಿಗೊಮ್ಮೆ ತುಂಬಿಸಬೇಕಿದ್ದ ಪುಟಗಳನ್ನು ಈಗ ವಾರಕ್ಕೊಮ್ಮೆ ತುಂಬಿಸಬೇಕು. ಅಲ್ಲಿಯವರೆಗೆ ಹುಡುಗಿಯರ ಕಥೆಗಳನ್ನು ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರೇ. 1950ರ ದಶಕದಲ್ಲಿ ಒಸಾಮು ತೆಜುಕಾ, ಶೋತಾರೊ ಇಶಿನೊಮೊರಿ, ಫುಜಿಯೊ ಅಕತ್ಸುಕಾ ಮೊದಲಾದವರು ವಾಸವಿದ್ದ ಟೋಕಿವಾಸೋ ಎಂಬ ವಠಾರ ಆಗಲೇ ದಂತಕಥೆ. ಅಲ್ಲಿ ವಾಸವಿದ್ದ ಕಲಾವಿದರಲ್ಲಿ ಹೆಣ್ಣು ಒಬ್ಬರೇ, ಹಿದೆಕೊ ಮಿಜುನೊ. ಅವರು ಕೂಡ ಇದ್ದದ್ದು ಕೆಲವೇ ತಿಂಗಳು.

ವಾರಪತ್ರಿಕೆಗಳ ಹಸಿವು ದೊಡ್ಡದಾದಾಗ ಪ್ರಕಾಶಕರು ಹೊಸಬರಿಗಾಗಿ ಸ್ಪರ್ಧೆಗಳನ್ನು ನಡೆಸತೊಡಗಿದರು. ಓದುಗ ಹುಡುಗಿಯರೇ ಪುಟ ಬರೆದು ಅಂಚೆಯಲ್ಲಿ ಕಳಿಸಿದರು. ಹದಿನಾರು, ಹದಿನೆಂಟರ ಪ್ರಾಯದಲ್ಲೇ ಅಚ್ಚಾದರು. ಹೀಗೆ ವೃತ್ತಿಯ ಬಾಗಿಲು ತೆರೆಯಿತು. ಒಳಗಿನ ಸಂಪಾದಕರ ಕುರ್ಚಿಗಳಲ್ಲಿ ಮಾತ್ರ ಗಂಡಸರೇ ಕೂತಿದ್ದರು, ಹುಡುಗಿಯರಿಗೆ ಏನು ಇಷ್ಟ ಎಂದು ತೀರ್ಮಾನಿಸುತ್ತಿದ್ದವರೂ ಅವರೇ.

ಹಾಗಿಯೊ ಹುಟ್ಟಿದ್ದು 1949ರಲ್ಲಿ, ಫುಕುವೊಕಾ ಪ್ರಾಂತ್ಯದ ಓಮುತಾ ಎಂಬ ಕಲ್ಲಿದ್ದಲ ಗಣಿಯ ಊರಲ್ಲಿ. ಹೈಸ್ಕೂಲಿನಲ್ಲಿದ್ದಾಗ ತೆಜುಕಾ ಅವರ ಒಂದು ಕೃತಿ ಓದಿ, ಬರೆದರೆ ಇದನ್ನೇ ಬರೆಯಬೇಕೆಂದು ನಿಶ್ಚಯಿಸಿಕೊಂಡರು. ತಂದೆತಾಯಿಗೆ ಮಂಗಾ ಎಂದರೆ ಓದು ಕೆಡಿಸುವ ವಸ್ತು. ಮಗಳಿಗೆ ಹೆಸರು, ಪ್ರಶಸ್ತಿ ಬಂದ ಮೇಲೂ ಆ ಅಸಮ್ಮತಿ ಕರಗಲಿಲ್ಲ. ಅದು ಸಡಿಲವಾದದ್ದು 2010ರಲ್ಲಿ, ಹಾಗಿಯೊ ಅರವತ್ತು ದಾಟಿದ ಮೇಲೆ. 1969ರಲ್ಲಿ ಕೊಡಾನ್ಶಾ ಪ್ರಕಾಶನದ ‘ನಾಕಾಯೊಶಿ’ಯಲ್ಲಿ ಮೊದಲ ಕಥೆ ಬಂತು. ಅದರ ನಂತರ ಕೊಟ್ಟ ಕಥೆಗಳು ಒಂದರ ಹಿಂದೊಂದು ವಾಪಸಾದವು. ಪತ್ರಿಕೆಗೆ ಬೇಕಿದ್ದದ್ದು ನಗುನಗುತ್ತಾ ಓಡಾಡುವ ಹುಡುಗಿ. ಹಾಗಿಯೊ ಬರೆಯುತ್ತಿದ್ದದ್ದು ಸಾವು, ಒಂಟಿತನ, ಮನೆಯಲ್ಲಿ ಬೇಡವಾದ ಮಕ್ಕಳು.

ತಕೆಮಿಯಾ ಒಂದು ವರ್ಷಕ್ಕೆ ಕಿರಿಯರು, ತೊಕುಶಿಮಾದವರು. 1968ರಲ್ಲೇ ಅಚ್ಚಾಗಿದ್ದರು. 1970ರಲ್ಲಿ ವಿಶ್ವವಿದ್ಯಾಲಯದ ಓದು ಬಿಟ್ಟು ಟೋಕಿಯೋಗೆ ಬಂದಾಗ ಒಂದೇ ಕಾಲಕ್ಕೆ ಹಲವು ಪ್ರಕಾಶಕರಿಗೆ ಮಾತು ಕೊಟ್ಟು ಗಡುವಿನ ಕೆಳಗೆ ನಲುಗುತ್ತಿದ್ದರು. ಇಬ್ಬರ ಕಷ್ಟಗಳು ಒಂದಕ್ಕೊಂದು ತಿರುಗುಮುರುಗು: ಒಬ್ಬರಿಗೆ ಕೆಲಸ ಮಿತಿಮೀರಿದೆ, ಇನ್ನೊಬ್ಬರಿಗೆ ಬರೆದದ್ದು ಅಚ್ಚಾಗುತ್ತಿಲ್ಲ. ಪುಟ ಮುಗಿಸಲು ಕೈ ಸಾಲದೆ ತಕೆಮಿಯಾ ಒದ್ದಾಡುತ್ತಿದ್ದಾಗ ನೆರವಿಗೆ ಬಂದವರು ಹಾಗಿಯೊ. ಪರಿಚಯ ಆದದ್ದೇ ಕೆಲಸದ ಮೇಜಿನ ಬಳಿ. ಇದನ್ನು ನೆನಪಿಟ್ಟುಕೊಳ್ಳಬೇಕು, ಇವರು ಸ್ನೇಹಿತೆಯರಾಗಿ ಆಮೇಲೆ ಜೊತೆಗೆಲಸಕ್ಕೆ ಇಳಿದವರಲ್ಲ, ಜೊತೆಗೆಲಸದಿಂದ ಸ್ನೇಹಿತೆಯರಾದವರು.

ಮೂರನೆಯವರು ನೋರಿಯೆ ಮಸುಯಾಮ. ಅವರು ಚಿತ್ರ ಬರೆಯುವವರಲ್ಲ, ಪಿಯಾನೊ ಕಲಿತವರು. ತುಂಬಾ ಓದಿದ್ದರು, ಸಿನಿಮಾ ತುಂಬಾ ನೋಡಿದ್ದರು, ಹಾಗಿಯೊ ಜೊತೆ ಪತ್ರವ್ಯವಹಾರವಿತ್ತು. ಇಬ್ಬರು ಕಲಾವಿದೆಯರು ಒಟ್ಟಿಗೆ ಮನೆ ಮಾಡಬಹುದು ಎಂಬ ಮಾತು ಬಂದಾಗ ತಮ್ಮ ಮನೆಯೆದುರೇ ಖಾಲಿ ಇದ್ದ ಎರಡಂತಸ್ತಿನ ಹಳೆಯ ಸಾಲುಮನೆಯನ್ನು ತೋರಿಸಿದರು. ಮುಂದೆ ‘ಓಯಿಜುಮಿ ಸಲೋನ್’ ಎಂಬ ಹೆಸರು ಪಡೆದದ್ದು ಇದೇ ಮನೆ. ಸಲೋನ್ ಎನ್ನುವ ಕಲ್ಪನೆ ಮಸುಯಾಮ ಅವರದು: ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಕಲಾವಿದರು ಕೂಡುತ್ತಿದ್ದ ಹಜಾರಗಳ ಹಾಗೆ ಇಲ್ಲಿ ಹುಡುಗಿಯರ ಮಂಗಾವನ್ನು ಮೇಲಕ್ಕೆತ್ತುವ ಜನ ಕೂಡಬೇಕು ಎಂಬುದು.

ಮೇಜಿನ ಮೇಲಿನ ಲೆಕ್ಕ

ಕೂಡು ಸ್ಟುಡಿಯೊ ಎಂದರೆ ಏನನ್ನು ಕೂಡಿಸುವುದು? ಹೊರಗಿನವರು ಮೊದಲು ಎಣಿಸುವುದು ಬಾಡಿಗೆ. ಅದು ಇತ್ತು, ಆದರೆ ಅದಕ್ಕಿಂತ ದೊಡ್ಡದು ಕೈಗಳು.

ಮಂಗಾದ ಒಂದು ಪುಟ ಹೇಗೆ ಮುಗಿಯುತ್ತದೆ ಎಂದು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲು ‘ನೇಮು’: ಯಾವ ಚೌಕದಲ್ಲಿ ಯಾರು, ಏನು ಮಾತು ಎಂಬ ಕಚ್ಚಾ ನಕ್ಷೆ. ಸಂಪಾದಕರು ಒಪ್ಪಿದ ಮೇಲೆ ಪೆನ್ಸಿಲ್. ಮೇಲೆ ನಿಬ್ಬಿನಿಂದ ಇಂಕು. ಚೌಕಗಳ ಗೆರೆ, ಹಿನ್ನೆಲೆಯ ಕಟ್ಟಡ, ಮರ, ಪರದೆಯ ಮಡಿಕೆ. ಕಪ್ಪು ತುಂಬಬೇಕಾದ ಕಡೆ ಬ್ರಷ್ಷಿನಿಂದ ತುಂಬುವುದು, ಅದಕ್ಕೆ ಅವರು ‘ಬೆತಾ’ ಎನ್ನುತ್ತಾರೆ. ಇಂಕು ಆರಿದ ಮೇಲೆ ಪೆನ್ಸಿಲ್ ಗೆರೆ ಅಳಿಸುವುದು, ಗೆರೆ ಮೀರಿದ ಕಡೆ ಬಿಳಿ ಬಣ್ಣ ಹಚ್ಚುವುದು, ಸ್ಕ್ರೀನ್‌ಟೋನ್ ಎಂಬ, ಚುಕ್ಕಿ ಛಾಯೆ ಅಚ್ಚಾದ ತೆಳು ಹಾಳೆ ಅಂಟಿಸಿ ಬ್ಲೇಡಿನಿಂದ ಕೊಯ್ಯುವುದು. ಇದರಲ್ಲಿ ಕಥೆ ಮತ್ತು ಮುಖಗಳು ಮಾತ್ರ ಆ ಕಲಾವಿದೆಯೇ ಮಾಡಬೇಕಾದ ಕೆಲಸ. ಉಳಿದುದನ್ನು ಪಳಗಿದ ಇನ್ನೊಂದು ಕೈ ಮಾಡಬಹುದು. ಸಂಬಳ ಕೊಟ್ಟು ಸಹಾಯಕರನ್ನು ಇಟ್ಟುಕೊಳ್ಳಲು ಹೊಸಬರ ಬಳಿ ಹಣವಿರುವುದಿಲ್ಲ. ಒಂದೇ ಸೂರಿನಡಿ ಇಬ್ಬರು ಕಲಾವಿದೆಯರಿದ್ದು ಅವರ ಗಡುವುಗಳು ಬೇರೆ ಬೇರೆ ದಿನ ಬಿದ್ದರೆ, ಇವರ ಪುಟಕ್ಕೆ ಅವರು, ಅವರ ಪುಟಕ್ಕೆ ಇವರು. ನಮ್ಮ ಹಳ್ಳಿಗಳಲ್ಲಿ ‘ಮುಯ್ಯಾಳು’ ಎನ್ನುವುದು ಇದನ್ನೇ: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಹಣ ಕೈ ಬದಲಾಯಿಸುವುದಿಲ್ಲ, ಆದರೆ ಲೆಕ್ಕ ಇದ್ದೇ ಇರುತ್ತದೆ.

ಬರುಬರುತ್ತಾ ಮನೆ ತುಂಬಿತು. ಯಾಸುಕೊ ಸಕಾಟ, ನನಾಯೆ ಸಸಾಯಾ, ಶಿಯೊ ಸಾಟೊ, ಮಿನೆಕೊ ಯಾಮಾದಾ, ರ್ಯೋಕೊ ಯಾಮಾಗಿಶಿ ಬಂದುಹೋಗುತ್ತಿದ್ದರು. ದೂರದ ಊರುಗಳಲ್ಲಿ ಒಬ್ಬಂಟಿಯಾಗಿ ಬರೆಯುತ್ತಿದ್ದ ಹುಡುಗಿಯರಿಗೆ ಟೋಕಿಯೋದಲ್ಲಿ ಕಾಲಿಡಲು ಒಂದು ಜಾಗ ಸಿಕ್ಕಿತು. ಈ ತಲೆಮಾರಿನ ಹಲವರು ಹುಟ್ಟಿದ್ದು 1949ರ ಆಚೀಚೆ. ಜಪಾನಿನ ಅರಸರ ಆಳ್ವಿಕೆಯ ಲೆಕ್ಕದಲ್ಲಿ ಅದು ಶೋವಾ 24. ಅದರಿಂದಲೇ ಇವರಿಗೆ ‘24ನೇ ಇಸವಿಯ ಗುಂಪು’ ಎಂಬ ಹೆಸರು ಬಂತು. ಹೆಸರಿಟ್ಟವರು ಹೊರಗಿನವರು, ಇವರು ಸಭೆ ಸೇರಿ ಇಟ್ಟುಕೊಂಡದ್ದಲ್ಲ.

ಕೂಡಿಸಿಕೊಂಡ ಇನ್ನೊಂದು ಸಂಪತ್ತು ಸಂಪಾದಕರ ಪರಿಚಯ. ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ, ನನ್ನ ಮಟ್ಟಿಗೆ ಇದೇ ನಿರ್ಣಾಯಕ. ಶೋಗಾಕುಕಾನ್ ಪ್ರಕಾಶನದ ಸಂಪಾದಕ ಜುನ್ಯಾ ಯಾಮಾಮೊಟೊ ಅವರಿಗೆ ಹಾಗಿಯೊ ಅವರನ್ನು ಪರಿಚಯಿಸಿದವರು ತಕೆಮಿಯಾ. ಬೇರೆಡೆ ವಾಪಸಾಗಿದ್ದ ಕಥೆಗಳನ್ನು ಯಾಮಾಮೊಟೊ ಓದಿದರು, ತೆಗೆದುಕೊಂಡರು. ಆಗಷ್ಟೇ ಶುರುವಾಗಿದ್ದ ‘ಬೆಸ್ಸಾತ್ಸು ಶೋಜೋ ಕಾಮಿಕ್’ಗೆ ಹೊಸ ಬರಹ ಬೇಕಿತ್ತು. ಸಣ್ಣ ಪತ್ರಿಕೆಯಾದ್ದರಿಂದ ಕಟ್ಟುಪಾಡೂ ಕಡಿಮೆ. ಒಬ್ಬ ಕಲಾವಿದೆ ತನ್ನ ಸಂಪಾದಕನನ್ನು ಇನ್ನೊಬ್ಬ ಕಲಾವಿದೆಗೆ ತೋರಿಸಿಕೊಡುವುದು ಸಣ್ಣ ಮಾತಲ್ಲ. ಪತ್ರಿಕೆಯ ಪುಟಗಳು ಎಣಿಸಿಟ್ಟಷ್ಟು, ಇಬ್ಬರೂ ಅದೇ ಪುಟಗಳಿಗೆ ಕೈಚಾಚಬೇಕು. ಸ್ಟುಡಿಯೊದ ಅತಿ ದೊಡ್ಡ ಉದಾರತೆ ಇದು. ಮುಂದಿನ ನೋವಿನ ಬೀಜ ಬಿದ್ದದ್ದೂ ಇಲ್ಲೇ.

ಮಸುಯಾಮ ತಂದದ್ದು ಓದು. ಹರ್ಮನ್ ಹೆಸ್ಸೆಯ ಕಾದಂಬರಿಗಳು, ಯುರೋಪಿನ ಸಂಗೀತ, ಹುಡುಗರ ವಸತಿಶಾಲೆಗಳಲ್ಲಿ ನಡೆಯುವ ಕಥೆಗಳ ಸಿನಿಮಾ. ರಾತ್ರಿ ಪುಟ ತುಂಬುತ್ತಾ ಇವುಗಳ ಬಗ್ಗೆ ಮಾತು. 1972ರಲ್ಲಿ ಮಸುಯಾಮ, ಹಾಗಿಯೊ, ತಕೆಮಿಯಾ, ಯಾಮಾಗಿಶಿ ನಾಲ್ವರೂ ಸುಮಾರು ಒಂದೂವರೆ ತಿಂಗಳು ಯುರೋಪ್ ಸುತ್ತಿದರು. ಜಪಾನೀಯರು ವಿಹಾರಕ್ಕೆಂದು ಹೊರದೇಶಕ್ಕೆ ಹೋಗಲು ಅನುಮತಿ ಸಿಕ್ಕಿದ್ದೇ 1964ರಲ್ಲಿ. ಎಂಟು ವರ್ಷ ತುಂಬುವಷ್ಟರಲ್ಲಿ ಪುಟಕ್ಕಿಷ್ಟು ಎಂದು ದುಡಿಯುವ ಮೂವರು ಕಲಾವಿದೆಯರು, ಅವರ ಜೊತೆ ಮಸುಯಾಮ, ಗಂಟು ಕಟ್ಟಿಕೊಂಡು ಹೊರಟದ್ದು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಕಲ್ಲು ಹಾಸಿದ ಬೀದಿ ಹೇಗಿರುತ್ತದೆ, ಕಿಟಕಿಯ ಚಿಲಕ ಎಲ್ಲಿರುತ್ತದೆ, ಬೆಳಕು ಹೇಗೆ ಬೀಳುತ್ತದೆ ಎಂದು ಕಣ್ಣಾರೆ ಕಂಡವರ ಪುಟಕ್ಕೂ ಪುಸ್ತಕ ನೋಡಿ ಬರೆದವರ ಪುಟಕ್ಕೂ ವ್ಯತ್ಯಾಸವಿದೆ.

ಒಂದು ಮನೆ, ಮೂರು ಉದ್ದೇಶ

ಎರಡು ಪುಸ್ತಕಗಳ ಮಾತನ್ನು ಎದುರುಬದುರು ಇಟ್ಟು ನೋಡಿದಾಗ ನನಗೆ ಕಂಡದ್ದು ಇದು. ಮಸುಯಾಮ ಅವರಿಗೆ ಆ ಮನೆ ಒಂದು ಚಳವಳಿ: ಹುಡುಗಿಯರ ಮಂಗಾ ಬದಲಾಗಬೇಕು, ಸಾಹಿತ್ಯದ ಸಾಲಿನಲ್ಲಿ ನಿಲ್ಲಬೇಕು. ತಕೆಮಿಯಾ ಆ ಕನಸನ್ನು ತಮ್ಮದಾಗಿಸಿಕೊಂಡರು. ಹುಡುಗರಿಬ್ಬರ ಪ್ರೇಮವನ್ನು ಹುಡುಗಿಯರ ಪತ್ರಿಕೆಯಲ್ಲಿ, ದೇಹವನ್ನು ಮರೆಮಾಚದೆ ಬರೆಯಬೇಕೆಂಬ ದೊಡ್ಡ ಕಥೆಯೊಂದು ಅವರ ತಲೆಯಲ್ಲಿ ಬೆಳೆಯುತ್ತಿತ್ತು. ಅದರ ಬಗ್ಗೆ ಮನೆಯಲ್ಲಿ ಗಂಟೆಗಟ್ಟಲೆ ಮಾತಾಗುತ್ತಿತ್ತು. ಹಾಗಿಯೊ ಅವರಿಗೆ ಕ್ರಾಂತಿಯಲ್ಲಿ ಆಸಕ್ತಿಯಿರಲಿಲ್ಲ. ಹಾಗೆಂದು ಅವರೇ ಬರೆದಿದ್ದಾರೆ. ತಮಗೆ ಬೇಕಿದ್ದದ್ದು ಕೂತು ಬರೆಯಲು ಒಂದು ಜಾಗ, ಬರೆದದ್ದನ್ನು ಬೈಯದೆ ಓದುವ ಜನ.

ಈ ಮೂರೂ ಉದ್ದೇಶಗಳು ಒಂದು ಮನೆಯಲ್ಲಿ ಬಾಳಬಹುದಿತ್ತು. ಬಾಳಿದವು ಕೂಡ, ಎರಡು ವರ್ಷ. ತೊಂದರೆ ಏನೆಂದರೆ ಇವು ಬೇರೆ ಬೇರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದೇ ಪುಸ್ತಕ ಓದಿ, ಒಂದೇ ಸಿನಿಮಾ ನೋಡಿ, ಒಂದೇ ಮೇಜಿನಲ್ಲಿ ಕೂತವರು ಒಂದೇ ಕಡೆಗೆ ಹೋಗುತ್ತಿದ್ದಾರೆ ಎಂದುಕೊಂಡರು.

ಅಷ್ಟರಲ್ಲಿ ಅಳತೆಗೋಲು ಬದಲಾಗಿತ್ತು. ಮನೆಗೆ ಬಂದಾಗ ತಕೆಮಿಯಾ ಬೇಡಿಕೆಯ ಕಲಾವಿದೆ, ಹಾಗಿಯೊ ಬಾಗಿಲು ತಟ್ಟುತ್ತಿದ್ದವರು. 1971ರಲ್ಲಿ ‘ನವೆಂಬರ್ ಜಿಮ್ನಾಸಿಯಂ’, 1972ರಿಂದ ವಯಸ್ಸೇ ಆಗದ ರಕ್ತಪಿಶಾಚಿ ಹುಡುಗರ ಕಥೆ ‘ಪೋ ಮನೆತನ’ದ ಕಂತುಗಳು ಬರುತ್ತಿದ್ದ ಹಾಗೆ ಹಾಗಿಯೊ ಏರುತ್ತಿದ್ದರು. ಒಂದು ಚೌಕದಿಂದ ಇನ್ನೊಂದಕ್ಕೆ ಕಣ್ಣು ಜಾರುವ ಅವರ ರೀತಿಯೇ ಹೊಸದು. ತಕೆಮಿಯಾ ಅದೇ ಹೊತ್ತಿಗೆ ಬರವಣಿಗೆ ಸಾಗದ ಒಂದು ಒಣಗಾಲಕ್ಕೆ ಸಿಕ್ಕಿಬಿದ್ದಿದ್ದರು. ಪಕ್ಕದಲ್ಲೇ ಕೂತವರ ಪುಟ ದಿನವೂ ಕಣ್ಣಿಗೆ ಬೀಳುವುದು, ಅದು ತನ್ನದಕ್ಕಿಂತ ಮೇಲೆಂದು ಅನಿಸುವುದು, ಹಾಗನಿಸಿದರೂ ಅದೇ ಪುಟಕ್ಕೆ ಕಪ್ಪು ತುಂಬಿ ಕೊಡಬೇಕಾಗಿ ಬರುವುದು. ಆ ದಿನಗಳ ಅಸೂಯೆಯನ್ನೂ ಆತಂಕವನ್ನೂ ತಕೆಮಿಯಾ ತಮ್ಮ ಪುಸ್ತಕದಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಅದನ್ನು ಬರೆಯಲು ಬೇಕಾದ ಎದೆಗಾರಿಕೆಯನ್ನು ನಾನು ಗೌರವಿಸುತ್ತೇನೆ. ಈ ಪ್ರಕರಣವನ್ನು ‘ಹೆಂಗಸರ ಹೊಟ್ಟೆಕಿಚ್ಚು’ ಎಂದು ತಳ್ಳಿಹಾಕುವವರನ್ನು ಕಂಡರೆ ಸಿಟ್ಟು ಬರುತ್ತದೆ. ಇಬ್ಬರು ಗಂಡು ಕಲಾವಿದರ ನಡುವೆ ಇದೇ ಆಗಿದ್ದರೆ ಪೈಪೋಟಿ ಎಂದು ಕರೆದು ಮೆಚ್ಚುತ್ತಿದ್ದರು.

1973

ಮನೆ ಬಿಟ್ಟ ಮೇಲೂ ಇಬ್ಬರೂ ಹತ್ತಿರ ಹತ್ತಿರವೇ ಬೇರೆ ಮನೆ ಹಿಡಿದಿದ್ದರು. ಹಾಗಾದ್ದರಿಂದ ಮನೆ ಬಿಟ್ಟದ್ದೇ ಮುರಿತವಲ್ಲ. ಹಾಗಿಯೊ ಬರೆದಿರುವಂತೆ, ಆ ವರ್ಷ ತಕೆಮಿಯಾ ಮತ್ತು ಮಸುಯಾಮ ಇಬ್ಬರೂ ಸೇರಿ ಹಾಗಿಯೊ ಅವರನ್ನು ಕರೆಸಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. ‘ಪೋ ಮನೆತನ’ದ ‘ಹಕ್ಕಿಗೂಡು’ ಎಂಬ ಅಧ್ಯಾಯ ಆಗ ಪತ್ರಿಕೆಯಲ್ಲಿ ಬರುತ್ತಿತ್ತು. ಅದು ನಡೆಯುವುದು ಜರ್ಮನಿಯ ಒಂದು ಹುಡುಗರ ವಸತಿಶಾಲೆಯಲ್ಲಿ. ತಕೆಮಿಯಾ ಮನಸ್ಸಿನಲ್ಲಿ ಬೆಳೆಸುತ್ತಿದ್ದ ಕಥೆ ನಡೆಯುವುದೂ ಹುಡುಗರ ವಸತಿಶಾಲೆಯಲ್ಲಿ, ಫ್ರಾನ್ಸಿನ ದಕ್ಷಿಣದಲ್ಲಿ. ಇದನ್ನೇಕೆ ಬರೆದಿರಿ ಎಂಬುದು ಪ್ರಶ್ನೆ. ಕದ್ದಿರಿ ಎಂಬ ಆರೋಪವೆಂದೇ ಹಾಗಿಯೊ ಅದನ್ನು ಕೇಳಿಸಿಕೊಂಡರು. ಕೆಲವು ದಿನಗಳಲ್ಲಿ ತಕೆಮಿಯಾ ಒಂದು ಪತ್ರ ಕೊಟ್ಟರು. ಇನ್ನು ದೂರವಿರೋಣ ಎಂಬುದು ಅದರ ತಿರುಳು. ತಕೆಮಿಯಾ ಅವರ ಪುಸ್ತಕದಲ್ಲಿ ಎದ್ದು ಕಾಣುವುದು ಈ ಪ್ರಶ್ನೆಯಲ್ಲ. ಹತ್ತಿರವಿದ್ದರೆ ತಾನು ಉಳಿಯಲಾರೆ ಎಂಬ ಸಂಕಟ, ಅದಕ್ಕಾಗಿ ದೂರ ಸರಿಯಬೇಕೆಂದು ಕೇಳಿಕೊಂಡದ್ದು.

ಹಾಗಿಯೊ ಕಣ್ಣು ನೋವಿನಿಂದ ನರಳಿದರು, ಟೋಕಿಯೋ ಬಿಟ್ಟು ಸೈತಾಮಾ ಪ್ರಾಂತ್ಯಕ್ಕೆ ಹೋದರು. ಅಂದಿನಿಂದ ತಕೆಮಿಯಾ ಅವರ ಕೃತಿಗಳನ್ನು ಓದಲಿಲ್ಲ. ಓದಿದರೆ ಮತ್ತೆ ಎಲ್ಲಿಯಾದರೂ ಹೋಲಿಕೆ ಕಂಡೀತು ಎಂಬ ಭಯ. ಕಲಾವಿದೆಯೊಬ್ಬಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಹೊಳೆಯುವುದಿಲ್ಲ: ತನ್ನ ಕಾಲದ, ತನ್ನ ದಾರಿಯ ಅತಿ ಮುಖ್ಯ ಲೇಖಕಿಯನ್ನು ಓದದೆ ಬದುಕುವುದು.

ತಪ್ಪು ಯಾರದು ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಹುಡುಗರ ವಸತಿಶಾಲೆ ಎಂಬ ನೆಲೆ ಯಾರ ಸೊತ್ತಾಗಿತ್ತು? ಹೆಸ್ಸೆಯದೆ, ಸಿನಿಮಾದ್ದೆ, ಅವೆರಡನ್ನೂ ಮನೆಗೆ ತಂದ ಮಸುಯಾಮ ಅವರದೆ, ಅದರ ಬಗ್ಗೆ ಮೊದಲು ದೊಡ್ಡ ಕಥೆ ಕಟ್ಟಿದ ತಕೆಮಿಯಾ ಅವರದೆ, ಮೊದಲು ಅಚ್ಚು ಹಾಕಿಸಿದ ಹಾಗಿಯೊ ಅವರದೆ? ಮೇಜಿನ ಸುತ್ತ ಕೂತು ಆಡಿದ ಮಾತಿಗೆ ಒಡೆಯರಿರುವುದಿಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಕೈಗೆಲಸವನ್ನು ಹಿಂತಿರುಗಿಸಬಹುದು. ನೀನು ಹತ್ತು ಪುಟ ಅಳಿಸಿಕೊಟ್ಟೆ, ನಾನು ಹತ್ತು ಪುಟ ಅಳಿಸಿಕೊಡುತ್ತೇನೆ. ಕೇಳಿದ ಕಥೆಯನ್ನು ಹಿಂತಿರುಗಿಸುವುದು ಹೇಗೆ? ಓಯಿಜುಮಿಯ ಮನೆಯಲ್ಲಿ ಮೊದಲನೆಯದಕ್ಕೆ ಒಂದು ಅಲಿಖಿತ ನಿಯಮವಿತ್ತು, ಎರಡನೆಯದಕ್ಕೆ ಏನೂ ಇರಲಿಲ್ಲ.

ಆಮೇಲಿನ ದುಡಿಮೆ

ಬೇರೆಯಾದ ಮೇಲೆ ಇಬ್ಬರ ವೃತ್ತಿಯೂ ಕುಸಿಯಲಿಲ್ಲ, ಏರಿತು. 1974ರಲ್ಲಿ ಹಾಗಿಯೊ ‘ಥಾಮಸ್‌ನ ಹೃದಯ’ವನ್ನು ವಾರಪತ್ರಿಕೆಯಲ್ಲಿ ಶುರುಮಾಡಿದಾಗ ಓದುಗರ ಮತಗಣನೆಯಲ್ಲಿ ಅದಕ್ಕೆ ಕೊನೆಯ ಸ್ಥಾನ. ನಿಲ್ಲಿಸಿ ಎಂದು ಒತ್ತಡ ಬಂತು. ಇನ್ನು ಸ್ವಲ್ಪ ದಿನ ಕೊಡಿ ಎಂದು ಅವರು ಕೇಳಿಕೊಂಡರು. ಅದೇ ಹೊತ್ತಿಗೆ ಪುಸ್ತಕವಾಗಿ ಬಂದ ‘ಪೋ ಮನೆತನ’ದ ಮೊದಲ ಸಂಪುಟದ 30,000 ಪ್ರತಿಗಳು ಮೂರು ದಿನದಲ್ಲಿ ಖಾಲಿಯಾದವು. ನಿಲ್ಲಿಸಿ ಎನ್ನುವ ಮಾತು ಅಲ್ಲಿಗೆ ನಿಂತಿತು. ವಾರದ ಮತ ಹಾಕುವವರು ಬೇರೆ, ಕಾಸು ಕೂಡಿಟ್ಟು ಪುಸ್ತಕ ಕೊಂಡು ಮತ್ತೆ ಮತ್ತೆ ಓದುವವರು ಬೇರೆ ಎಂದು ಪ್ರಕಾಶಕರಿಗೂ ಆಗ ಗೊತ್ತಾಯಿತು.

ತಕೆಮಿಯಾ ಇನ್ನೊಂದು ದಾರಿ ಹಿಡಿದರು. ತನ್ನ ಮನಸ್ಸಿನ ಕಥೆ ಬರೆಯಬೇಕಾದರೆ ಮೊದಲು ಮತಗಣನೆಯಲ್ಲಿ ಗೆಲ್ಲಬೇಕು ಎಂದು 1974ರಿಂದ 1976ರವರೆಗೆ ‘ಫೇರೋನ ಸಮಾಧಿ’ ಎಂಬ ಜನಪ್ರಿಯ ಸಾಹಸಕಥೆ ಬರೆದರು. ಆ ಗೆಲುವನ್ನು ಪಣಕ್ಕಿಟ್ಟು 1976ರಲ್ಲಿ ‘ಗಾಳಿ ಮತ್ತು ಮರಗಳ ಹಾಡು’ ಶುರುಮಾಡಿದರು. 1984ರವರೆಗೆ ಅದು ನಡೆಯಿತು. ಹಾಗಿಯೊ ಅವರಿಗೆ ಶೋಗಾಕುಕಾನ್ ಮಂಗಾ ಪ್ರಶಸ್ತಿ ಸಿಕ್ಕಿದ ಕೆಲವೇ ವರ್ಷಗಳಲ್ಲಿ ಅದೇ ಪ್ರಶಸ್ತಿ ತಕೆಮಿಯಾ ಅವರಿಗೂ ಬಂತು. 2000ದಲ್ಲಿ ಕ್ಯೋಟೊ ಸೇಕಾ ವಿಶ್ವವಿದ್ಯಾಲಯದಲ್ಲಿ ಮಂಗಾ ಕಲಿಸಲು ಸೇರಿದ ತಕೆಮಿಯಾ 2014ರಲ್ಲಿ ಅದರ ಅಧ್ಯಕ್ಷರಾದರು. ಹಾಗಿಯೊ 2012ರಲ್ಲಿ ಜಪಾನ್ ಸರ್ಕಾರದ ನೇರಳೆ ಪಟ್ಟಿಯ ಪದಕ, 2022ರಲ್ಲಿ ಅಮೆರಿಕದ ಕಾಮಿಕ್ಸ್ ಗೌರವವಾದ ಐಸ್ನರ್ ಪ್ರಶಸ್ತಿಯ ಕೀರ್ತಿಭವನದಲ್ಲಿ ಸ್ಥಾನ ಪಡೆದರು.

ಮಸುಯಾಮ ತಕೆಮಿಯಾ ಜೊತೆ ಉಳಿದು ಕಥೆಗಳಿಗೆ ಬೆನ್ನೆಲುಬಾದರು, ಬೇರೆ ಹೆಸರಿನಲ್ಲಿ ಬರೆದರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಡೀ ಸ್ಟುಡಿಯೊದ ಓದನ್ನು ಹೊತ್ತು ತಂದವರು ಅವರು. ಮನೆ ಹುಡುಕಿದವರು, ದಿಕ್ಕು ತೋರಿಸಿದವರು ಅವರು. ಆ ಕೆಲಸಕ್ಕೆ ಆಗ ಒಂದು ಹುದ್ದೆಯ ಹೆಸರೇ ಇರಲಿಲ್ಲ. ಚಿತ್ರ ಬರೆಯದವರು ಮಂಗಾ ಪುಟದಲ್ಲಿ ಕಾಣಿಸುವುದಿಲ್ಲ. ‘ಹಕ್ಕಿಗೂಡಿ’ನ ಪ್ರಶ್ನೆ ಕೇಳುವಾಗ ತಕೆಮಿಯಾ ಪಕ್ಕದಲ್ಲಿ ಮಸುಯಾಮ ಕೂಡ ಕೂತಿದ್ದರು ಎಂಬುದನ್ನು ನಾನು ಈ ಬೆಳಕಿನಲ್ಲೇ ಓದುತ್ತೇನೆ. ಅವರು ತಂದದ್ದು ಇಬ್ಬರ ಪುಟಗಳಲ್ಲೂ ಸೇರಿಹೋಗಿತ್ತು, ಅವರ ಹೆಸರು ಒಂದರಲ್ಲೂ ಇರಲಿಲ್ಲ.

ಬೇರೆಯವರು ಕಟ್ಟಿಕೊಂಡ ಬಗೆ

ಅದೇ 1972ರಲ್ಲಿ, ಪೆಸಿಫಿಕ್ ಸಾಗರದ ಆಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾಮಿಕ್ಸ್ ಕಲಾವಿದೆ ಟ್ರಿನಾ ರಾಬಿನ್ಸ್ ಮತ್ತು ಸಂಗಾತಿಗಳು ‘ವಿಮೆನ್ಸ್ ಕಾಮಿಕ್ಸ್’ ಎಂಬ ಹೆಣ್ಣುಮಕ್ಕಳದೇ ಕಾಮಿಕ್ಸ್ ಪತ್ರಿಕೆ ಆರಂಭಿಸಿದರು. ಅಲ್ಲಿ ಸಂಪಾದಕಿಯ ಕೆಲಸ ಸಂಚಿಕೆಯಿಂದ ಸಂಚಿಕೆಗೆ ಕೈ ಬದಲಾಗುತ್ತಿತ್ತು. ಹಾಗೆಯೇ 17 ಸಂಚಿಕೆಗಳು, 1992ರವರೆಗೆ. ಒಳಗೆ ಜಗಳಗಳು ಇದ್ದವು, ಕೆಲವರು ಬಿಟ್ಟೂ ಹೋದರು. ಆದರೆ ಅಧಿಕಾರ ಒಬ್ಬರಲ್ಲಿ ನಿಲ್ಲಬಾರದು ಎಂಬ ನಿಯಮ ಮೊದಲೇ ಇತ್ತು.

ಇನ್ನೂ ದೂರ ಹೋದದ್ದು ಜಪಾನಿನದೇ ‘ಕ್ಲ್ಯಾಂಪ್’. 1980ರ ದಶಕದಲ್ಲಿ ಕನ್ಸಾಯ್ ಪ್ರದೇಶದ ಹವ್ಯಾಸಿ ಗುಂಪಾಗಿ ಶುರುವಾಗಿ, 1989ರಲ್ಲಿ ವೃತ್ತಿಪರ ಪತ್ರಿಕೆಗೆ ಕಾಲಿಟ್ಟು, ಕೊನೆಗೆ ನಾಲ್ವರು ಉಳಿದರು: ನನಾಸೆ ಓಕಾವಾ, ಮೊಕೊನಾ, ತ್ಸುಬಾಕಿ ನೆಕೋಯಿ, ಸಾತ್ಸುಕಿ ಇಗಾರಾಶಿ. ಕಥೆ ಓಕಾವಾ ಅವರದು. ಮುಖ್ಯ ಪಾತ್ರಗಳನ್ನು ಯಾರು ಬರೆಯಬೇಕು, ಹಿನ್ನೆಲೆ ಯಾರದು ಎಂಬುದು ಕೃತಿಯಿಂದ ಕೃತಿಗೆ ಬದಲಾಗುತ್ತದೆ. ಹೊರಗೆ ಹೆಸರು ಒಂದೇ. ಕಲ್ಪನೆ ಯಾರದು ಎಂಬ ಪ್ರಶ್ನೆ ಓದುಗರ ಮುಂದೆ ಏಳುವುದೇ ಇಲ್ಲ. ಮಸುಯಾಮ ಅವರಂಥವರಿಗೆ ಇಂಥ ಸ್ಟುಡಿಯೊದಲ್ಲಿ ಹೆಸರು ಇರುತ್ತಿತ್ತು ಎಂದು ನನಗನಿಸುತ್ತದೆ. ಆದರೆ ಹಾಗಿಯೊ ಮತ್ತು ತಕೆಮಿಯಾ ಒಂದೇ ಹೆಸರಿನಲ್ಲಿ ಬರೆಯಬಹುದಿತ್ತೇ? ಸಾಧ್ಯವಿರಲಿಲ್ಲ. ಇಬ್ಬರೂ ತಂತಮ್ಮ ಲೋಕದ ಒಡತಿಯರು. ಅವರಿಗೆ ಬೇಕಾಗಿದ್ದದ್ದು ಕೈ ಮತ್ತು ಸೂರು ಹಂಚಿಕೊಳ್ಳುವ, ಹೆಸರು ಹಂಚಿಕೊಳ್ಳದ ವ್ಯವಸ್ಥೆ. ಅಂಥದ್ದರಲ್ಲೇ ಕಲ್ಪನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮ. ಮೊದಲ ತಿಂಗಳಲ್ಲೇ ಕೂತು ‘ನೀನು ಏನು ಬರೆಯಬೇಕೆಂದಿದ್ದೀಯ, ನಾನು ಯಾವುದನ್ನು ಮುಟ್ಟಬಾರದು’ ಎಂದು ಕೇಳಿಕೊಳ್ಳಬೇಕಾಗಿತ್ತು. ಇಪ್ಪತ್ತೊಂದರ ಹರೆಯದಲ್ಲಿ, ಮನೆಯವರ ವಿರೋಧ ಕಟ್ಟಿಕೊಂಡು ಬಂದು, ಜೀವನದಲ್ಲಿ ಮೊದಲ ಬಾರಿಗೆ ತನ್ನಂಥವರನ್ನು ಕಂಡ ಸಂತೋಷದಲ್ಲಿ ಯಾರು ತಾನೇ ಆ ಮಾತು ಎತ್ತುತ್ತಾರೆ? ಅದಕ್ಕೇ ಇಂಥ ಮಾತನ್ನು ಅನುಭವಿಗಳು, ಸಂಪಾದಕರು ಎತ್ತಬೇಕು. ಇಬ್ಬರ ಕಥೆಗಳೂ ಒಂದೇ ಪತ್ರಿಕಾ ಕಚೇರಿಯ ಮೂಲಕ ಹೋಗುತ್ತಿದ್ದವು.

ದಂತಕಥೆಯ ಭಾರ

ಪ್ರಕರಣ 1973ಕ್ಕೆ ಮುಗಿಯಲಿಲ್ಲ. 2016ರಲ್ಲಿ ತಕೆಮಿಯಾ ಅವರ ಪುಸ್ತಕ ಬಂದ ಮೇಲೆ ಓಯಿಜುಮಿ ‘ಹೆಣ್ಣುಮಕ್ಕಳ ಟೋಕಿವಾಸೋ’ ಆಯಿತು. ಹಾಗಿಯೊ ಅವರಿಗೆ ಕೋರಿಕೆಗಳು ಬರತೊಡಗಿದವು: ಆ ದಿನಗಳ ಬಗ್ಗೆ ಮಾತಾಡಿ, ತಕೆಮಿಯಾ ಜೊತೆ ಸಂವಾದಕ್ಕೆ ಬನ್ನಿ, ಟಿವಿ ಧಾರಾವಾಹಿ ಮಾಡುತ್ತೇವೆ, ಒಪ್ಪಿಗೆ ಕೊಡಿ. ಬೇಡ ಎಂದರೂ ನಿಲ್ಲಲಿಲ್ಲ. ಹೆಪ್ಪುಗಟ್ಟಿಸಿ ಹೂತಿಟ್ಟಿದ್ದ ನೆನಪನ್ನು ಅಗೆದು, ಏಕೆ ಬೇಡ ಎಂದು ವಿವರಿಸಲು ಅವರು ಒಂದು ಇಡೀ ಪುಸ್ತಕ ಬರೆಯಬೇಕಾಯಿತು. ಒಮ್ಮೆ ಮಾತ್ರ ಹೇಳುತ್ತೇನೆ ಎಂಬುದು ಅದರ ಶೀರ್ಷಿಕೆಯಲ್ಲೇ ಇದೆ.

ಕೇಳಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಹೆಣ್ಣುಮಕ್ಕಳ ಕೂಡುದುಡಿಮೆಗೆ ಒಂದು ಸುಂದರ ಸ್ಮಾರಕ ಬೇಕಿತ್ತು ಅಷ್ಟೇ. ನನಗೂ ಬೇಕಿತ್ತು. ಈ ಎರಡು ಪುಸ್ತಕಗಳ ಸಂಗತಿ ತಿಳಿಯುವ ಮೊದಲು ನಾನೂ ಆ ಮನೆಯನ್ನು ಬಿರುಕೇ ಇಲ್ಲದ ಗೂಡೆಂದು ನಂಬಿದ್ದೆ, ಇತರರಿಗೂ ಹಾಗೆಯೇ ಹೇಳಿದ್ದೆ.

ತಕೆಮಿಯಾ ಅವರ ಪುಸ್ತಕ ಬಂದ 2016ರಲ್ಲೇ ಇನ್ನೊಂದು ಸಂಗತಿ ನಡೆಯಿತು. 1976ರಲ್ಲಿ ನಿಂತಿದ್ದ ‘ಪೋ ಮನೆತನ’ವನ್ನು ಹಾಗಿಯೊ 40 ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಂಡರು. ‘ಹಕ್ಕಿಗೂಡು’ ಸೇರಿರುವ, ಆ ಪ್ರಶ್ನೆಯನ್ನು ಹೊತ್ತ ಅದೇ ಸರಣಿ. ಮೊದಲ ಕಂತು ಬಂದ ಪತ್ರಿಕೆಯ ಪ್ರತಿಗಳು ಮುಗಿದುಹೋಗಿ ಮರುಮುದ್ರಣ ಮಾಡಬೇಕಾಯಿತು. ವಯಸ್ಸೇ ಆಗದ ಆ ಹುಡುಗರ ಮುಖಗಳನ್ನು ಅರವತ್ತಾರು ದಾಟಿದ ಕೈ ಮತ್ತೆ ಬರೆಯತೊಡಗಿತು.